ದಾವಣಗೆರೆ–ಹರಿಹರ ಪ್ರದೇಶದ ಮಳೆ

ದಾವಣಗೆರೆ ಮತ್ತು ಹರಿಹರ ಮಧ್ಯ ಕರ್ನಾಟಕದ ಎರಡು ನೆರೆಯ ನಗರಗಳು. ಇವುಗಳ ನಡುವಿನ ಅಂತರ ಸುಮಾರು 14 ಕಿ.ಮೀ. ಪಶ್ಚಿಮ ಘಟ್ಟಗಳ ಪೂರ್ವಕ್ಕಿರುವ ಈ ಪ್ರದೇಶವು ಮಳೆಯ ನೆರಳಿನಲ್ಲಿದ್ದು, ವರ್ಷಕ್ಕೆ ಸರಾಸರಿ 600ರಿಂದ 700 ಮಿ.ಮೀ. ಮಳೆಯನ್ನು ಪಡೆಯುತ್ತದೆ. ಶಾಲಾ ಭೂಗೋಳದಲ್ಲಿ ಮಳೆಯ ಕಾರಣಗಳಲ್ಲೊಂದಾಗಿ ವಿವರಿಸಲಾಗುವ ವಾಯುಮುಖ ಅಥವಾ ‘ಫ್ರಂಟ್’ ಇಲ್ಲಿನ ಮಳೆಗೆ ಕಾರಣವಲ್ಲ. ಇಲ್ಲಿ ಗಾಳಿಯು ಬೇರೆ ಮೂರು ಬಗೆಗಳಲ್ಲಿ ಮೇಲೇರಿ ಮಳೆ ಸುರಿಸುತ್ತದೆ. ಈ ಮೂರರ ವ್ಯತ್ಯಾಸವನ್ನು ಅರಿಯುವುದು ಬಿತ್ತನೆಗೂ ನದಿಯ ಪ್ರವಾಹಕ್ಕೂ ನೇರವಾಗಿ ಸಂಬಂಧಿಸಿದ ವಿಷಯ.

ವಾಯುಮುಖ ಎಂದರೇನು?

ತೇವವುಳ್ಳ ಗಾಳಿಯು ಮೇಲೇರಿದಂತೆ ಹಿಗ್ಗಿ ತಂಪಾಗುತ್ತದೆ. ಮೋಡ ಕಟ್ಟುವ ಮೊದಲು ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಇಬ್ಬನಿ ಬಿಂದುವನ್ನು ಮುಟ್ಟಿದಾಗ ಆವಿಯು ಧೂಳಿನ ಹಾಗೂ ಉಪ್ಪಿನ ಸೂಕ್ಷ್ಮ ಕಣಗಳ ಮೇಲೆ ನೀರಾಗಿ ಕೂಡುತ್ತದೆ. ಜಗತ್ತಿನ ಎಲ್ಲ ಮಳೆಗೂ ಮೂಲ ಇದೇ. ಗಾಳಿಯನ್ನು ಮೇಲಕ್ಕೆ ತಳ್ಳುವವರು ಯಾರು ಎಂಬುದಷ್ಟೇ ಬದಲಾಗುತ್ತದೆ.

ಸಮಶೀತೋಷ್ಣ ವಲಯದಲ್ಲಿ ಈ ಕೆಲಸವನ್ನು ವಾಯುಮುಖ ಮಾಡುತ್ತದೆ. ಧ್ರುವದ ಕಡೆಯಿಂದ ಬಂದ ತಂಪು ವಾಯುರಾಶಿಯೂ ಉಷ್ಣವಲಯದ ಕಡೆಯಿಂದ ಬಂದ ಬಿಸಿ ವಾಯುರಾಶಿಯೂ ಎದುರಾದಾಗ ಒಡನೆಯೇ ಬೆರೆಯುವುದಿಲ್ಲ. ಭಾರವಾದ ತಂಪು ಗಾಳಿ ಬೆಣೆಯಂತೆ ನೆಲಕ್ಕಂಟಿ ನುಗ್ಗಿ ಬಿಸಿ ಗಾಳಿಯನ್ನು ಎತ್ತಿದರೆ ಅದು ಶೀತ ವಾಯುಮುಖ. ಅಲ್ಲಿ ಮಳೆ ಬಿರುಸಾಗಿ, ಸ್ವಲ್ಪ ಹೊತ್ತು ಸುರಿಯುತ್ತದೆ. ಬಿಸಿ ಗಾಳಿಯೇ ಮುಂದೊತ್ತಿ ತಂಪು ಗಾಳಿಯ ಇಳಿಜಾರಿನ ಮೇಲೆ ನಿಧಾನವಾಗಿ ಏರಿದರೆ ಅದು ಉಷ್ಣ ವಾಯುಮುಖ. ಅಲ್ಲಿ ಪದರು ಮೋಡಗಳು ಹರಡಿ ಗಂಟೆಗಟ್ಟಲೆ ಸಣ್ಣ ಮಳೆ ಅಥವಾ ಹಿಮ ಬೀಳುತ್ತದೆ. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾರ್ವೆಯ ಬರ್ಗೆನ್‌ನಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್, ಅವರ ಮಗ ಜೇಕಬ್ ಬ್ಯರ್ಕ್ನೆಸ್ ಮತ್ತು ಸಂಗಡಿಗರು ಈ ಸಿದ್ಧಾಂತವನ್ನು ರೂಪಿಸಿದರು. ಎರಡು ಸೈನ್ಯಗಳು ಎದುರುಬದುರಾಗುವ ಯುದ್ಧರಂಗದ ರೇಖೆಯಿಂದಲೇ ‘ಫ್ರಂಟ್’ ಎಂಬ ಹೆಸರು ಬಂದಿತು.

ದಾವಣಗೆರೆಯು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಷ್ಟು ದಕ್ಷಿಣಕ್ಕೆ ಧ್ರುವ ಪ್ರದೇಶದ ತಂಪು ಗಾಳಿ ತನ್ನ ಗುಣವನ್ನು ಉಳಿಸಿಕೊಂಡು ತಲುಪುವುದಿಲ್ಲ. ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹಿಮವನ್ನೂ ಪಂಜಾಬಿನ ಗೋಧಿಗೆ ಮಳೆಯನ್ನೂ ತರುವ ‘ಪಶ್ಚಿಮದ ಅಡಚಣೆ’ಗಳೇ ಭಾರತದಲ್ಲಿ ವಾಯುಮುಖಕ್ಕೆ ಹತ್ತಿರವಾದ ಉದಾಹರಣೆ. ಸಮಭಾಜಕದ ಬಳಿ ಎರಡು ಗೋಳಾರ್ಧಗಳ ವಾಣಿಜ್ಯ ಮಾರುತಗಳು ಸಂಧಿಸುವ ಪಟ್ಟಿಯನ್ನೂ ಹಿಂದೆ ವಿಜ್ಞಾನಿಗಳು ಫ್ರಂಟ್ ಎಂದೇ ಕರೆಯುತ್ತಿದ್ದರು. ಎರಡೂ ಕಡೆಯ ಗಾಳಿಗಳ ಉಷ್ಣತೆಯಲ್ಲಿ ಅಂಥ ಭೇದವಿಲ್ಲವೆಂದು ತಿಳಿದ ಮೇಲೆ ಆ ಹೆಸರನ್ನು ಕೈಬಿಟ್ಟು ‘ಸಂಗಮ ವಲಯ’ ಎಂದರು. ಆದ್ದರಿಂದ ಪಠ್ಯದ ವಾಯುಮುಖದ ಚಿತ್ರವನ್ನು ಅಂದವಾಗಿ ಬಿಡಿಸುವ ವಿದ್ಯಾರ್ಥಿಯು ಅದನ್ನು ತನ್ನ ಊರಿನ ಆಕಾಶದಲ್ಲಿ ಹುಡುಕಬಾರದು.

ಬೇಸಿಗೆಯ ಗುಡುಗು ಮಳೆ

ಮಾರ್ಚ್‌ನಿಂದ ಮೇ ತನಕ ಇಲ್ಲಿ ಬೀಳುವುದು ಪರಿಸರಣ ಮಳೆ. ಹಗಲೆಲ್ಲ ಕಾದ ನೆಲದಿಂದ ಬಿಸಿ ಗಾಳಿ ಏರುತ್ತದೆ. ಇದೇ ಕಾಲದಲ್ಲಿ ಒಳನಾಡಿನ ಮೇಲೆ ಬೇರೆ ಬೇರೆ ದಿಕ್ಕಿನ ಗಾಳಿಗಳು ಸಂಧಿಸುವ ಒಂದು ರೇಖೆ ಉತ್ತರ ದಕ್ಷಿಣವಾಗಿ ಹಬ್ಬಿರುತ್ತದೆ. ಹವಾಮಾನ ವರದಿಗಳಲ್ಲಿ ‘ಟ್ರಫ್’ ಎಂದು ಕೇಳಿಬರುವುದು ಇದೇ. ಈ ರೇಖೆಯ ಆಸುಪಾಸಿನಲ್ಲಿ ತೇವವಿದ್ದರೆ ಮಧ್ಯಾಹ್ನದ ಬಿಳಿಯ ರಾಶಿ ಮೋಡವು ಸಂಜೆಯೊಳಗೆ ಹತ್ತು ಕಿಲೋಮೀಟರಿಗೂ ಮಿಗಿಲಾದ ಎತ್ತರಕ್ಕೆ ಬೆಳೆದು ಕಪ್ಪಾಗುತ್ತದೆ.

ಈ ಪ್ರದೇಶದ ಮೇಲೆ ನೀರು ಹೆಪ್ಪುಗಟ್ಟುವ ಮಟ್ಟವು ಸುಮಾರು 5 ಕಿ.ಮೀ. ಎತ್ತರದಲ್ಲಿರುತ್ತದೆ. ಮೋಡದ ತಲೆ ಅದನ್ನು ದಾಟಿದಾಗ ಅಲ್ಲಿ ಹಿಮದ ಹರಳುಗಳು ಹುಟ್ಟಿ, ಸುತ್ತಲಿನ ಆವಿಯನ್ನು ಹೀರಿ ಬೆಳೆದು, ಇಳಿಯುವಾಗ ಕರಗಿ ಹನಿಗಳಾಗುತ್ತವೆ. ಅಂದರೆ ನಲವತ್ತು ಡಿಗ್ರಿಯ ಸೆಕೆಯಲ್ಲಿ ಮೈಮೇಲೆ ಬೀಳುವ ದಪ್ಪ ಹನಿಯೂ ಕೆಲವು ನಿಮಿಷಗಳ ಹಿಂದೆ ಹಿಮವಾಗಿದ್ದಿರಬಹುದು! ಮೇಲ್ಮುಖ ಗಾಳಿ ಬಲವಾಗಿದ್ದರೆ ಹಿಮದ ಉಂಡೆಯು ಬೀಳದೆ ಮೇಲೆಯೇ ತೇಲಾಡುತ್ತ, ಅತಿ ತಂಪಾದ ನೀರಿನ ಪದರಗಳನ್ನು ಸುತ್ತಿಕೊಂಡು ಆಲಿಕಲ್ಲಾಗುತ್ತದೆ. ಆಲಿಕಲ್ಲನ್ನು ಸೀಳಿದರೆ ಈರುಳ್ಳಿಯಂಥ ಸುತ್ತುಗಳು ಕಾಣುವುದು ಇದರಿಂದಲೇ.

ಮಳೆಗೆ ಮುಂಚೆ ಧೂಳೆಬ್ಬಿಸಿ ಬರುವ ತಂಪಾದ ಬಿರುಗಾಳಿ ಎಲ್ಲರಿಗೂ ಪರಿಚಿತ. ಬೀಳುವ ಹನಿಗಳು ದಾರಿಯಲ್ಲಿ ಆವಿಯಾಗುತ್ತ ಗಾಳಿಯನ್ನು ತಂಪುಮಾಡುತ್ತವೆ. ಆ ಭಾರವಾದ ಗಾಳಿ ಕೆಳಗಿಳಿದು ನೆಲದ ಮೇಲೆ ಹರಡಿ, ಎದುರಿನ ಬಿಸಿ ಗಾಳಿಯನ್ನು ಎತ್ತಿ ಹೊಸ ಮೋಡವನ್ನು ಹುಟ್ಟಿಸುತ್ತದೆ. ನಮ್ಮಲ್ಲಿ ವಾಯುಮುಖವನ್ನು ಹೋಲುವ ಸಂಗತಿ ಇದೊಂದೇ. ಅದೂ ಕೆಲವೇ ಕಿಲೋಮೀಟರ್ ಅಗಲದ್ದು, ಗಂಟೆಯೊಳಗೆ ಅಳಿಯುವಂಥದ್ದು. ಹೊಲದಲ್ಲಿರುವವರು ಈ ತಂಪು ಗಾಳಿಯನ್ನು ಎಚ್ಚರಿಕೆಯಾಗಿ ಭಾವಿಸಬೇಕು. ಗುಡುಗು ಕೇಳಿಸಿತೆಂದರೆ ಸಿಡಿಲು ತಲುಪುವಷ್ಟು ಸಮೀಪದಲ್ಲಿ ಮೋಡವಿದೆ ಎಂದೇ ಅರ್ಥ. ಒಂಟಿ ಮರದ ಕೆಳಗೆ ನಿಲ್ಲುವುದು ಅಪಾಯಕರ.

ಇಂಥ ಮಳೆ ತುಂಡುತುಂಡಾಗಿ ಬೀಳುತ್ತದೆ. ದಾವಣಗೆರೆಯ ಚರಂಡಿಗಳು ಉಕ್ಕಿ ಹರಿಯುವಾಗ ಹರಿಹರದ ರಸ್ತೆಯಲ್ಲಿ ಧೂಳು ಏಳುತ್ತಿರುವುದು ಅಪರೂಪವೇನಲ್ಲ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಮಾತು ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರಗಳ ಈ ಮಳೆಯನ್ನು ಕುರಿತದ್ದು. ಉಳುಮೆಗೆ ಇದು ಹದ ಕೊಡುತ್ತದೆ. 25 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ಸಿಕ್ಕಂತೆ. ಆದರೆ ಒಂದು ಗುಡುಗು ಮಳೆಯು ಮುಂಗಾರಿನ ಆರಂಭವಲ್ಲ. ಅದನ್ನೇ ನಂಬಿ ಮೆಕ್ಕೆಜೋಳ ಬಿತ್ತಿದ ಮೇಲೆ ಎರಡು ಮೂರು ವಾರ ಮಳೆ ಬಾರದಿದ್ದರೆ ಮೊಳಕೆ ಒಣಗಿ, ಬೀಜ ಗೊಬ್ಬರಗಳ ಹಣ ಎರಡನೆಯ ಬಾರಿ ಹೊಂದಿಸಬೇಕಾಗುತ್ತದೆ.

ಮುಂಗಾರು ಮತ್ತು ಘಟ್ಟಗಳ ನೆರಳು

ಜೂನ್‌ನಿಂದ ಅರಬ್ಬಿ ಸಮುದ್ರದ ತೇವವನ್ನು ಹೊತ್ತ ನೈಋತ್ಯ ಮಾರುತವು ಪಶ್ಚಿಮ ಘಟ್ಟಗಳಿಗೆ ಬಡಿದು ಮೇಲೇರುತ್ತದೆ. ಇದು ಆರೋಹ ಮಳೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ ನೇರ ರೇಖೆಯಲ್ಲಿ ಸುಮಾರು 140 ಕಿ.ಮೀ. ದೂರದ ದಾವಣಗೆರೆಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಘಟ್ಟ ದಾಟಿದ ಗಾಳಿಯು ಇಳಿಯುತ್ತ ಬಿಸಿಯಾಗುವುದರಿಂದ ಮೋಡಗಳು ಕರಗುತ್ತವೆ. ಆಷಾಢದಲ್ಲಿ ಇಲ್ಲಿ ದಿನವಿಡೀ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಬೀಳುವುದು ಮಾತ್ರ ತುಂತುರು.

ಆದರೂ ಘಟ್ಟದ ಆ ಮಳೆ ಹರಿಹರಕ್ಕೆ ಬಂದೇ ಬರುತ್ತದೆ, ಹೊಳೆಯ ಮೂಲಕ. ತುಂಗೆಯೂ ಭದ್ರೆಯೂ ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹೊನ್ನಾಳಿ, ಹರಿಹರಗಳನ್ನು ಮುಟ್ಟುತ್ತವೆ. ಲಕ್ಕವಳ್ಳಿಯ ಭದ್ರಾ ಜಲಾಶಯವು ಹೆಚ್ಚು ನೀರನ್ನು ಹಿಡಿದಿಡುತ್ತದೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು. ಅದು ಬೇಗ ತುಂಬಿ, ಹೆಚ್ಚಾದ ನೀರು ಕೆಳಕ್ಕೆ ಹರಿಯುತ್ತದೆ. ಹೀಗಾಗಿ ಹರಿಹರದಲ್ಲಿ ಬಿಸಿಲಿದ್ದಾಗಲೂ ಹೊಳೆ ಕೆಂಪಾಗಿ ಏರಬಲ್ಲುದು. 2019ರ ಆಗಸ್ಟ್‌ನಲ್ಲಿ ಮಲೆನಾಡಿನ ಭಾರಿ ಮಳೆಯಿಂದ ತುಂಗಭದ್ರೆ ಉಕ್ಕಿ ದಡದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ದಡದ ನಿವಾಸಿಗಳು ತಮ್ಮ ತಲೆಯ ಮೇಲಿನ ಮೋಡಕ್ಕಿಂತ ತೀರ್ಥಹಳ್ಳಿ, ಶೃಂಗೇರಿಗಳ ಮಳೆಯ ಸುದ್ದಿಗೆ ಹೆಚ್ಚು ಗಮನ ಕೊಡುವುದು ಸಹಜ. ಈ ಎರಡು ತಾಲ್ಲೂಕುಗಳ ಭತ್ತದ ಗದ್ದೆಗಳೂ ಭದ್ರಾ ನಾಲೆಯ ಮೂಲಕ ಅದೇ ದೂರದ ಮಳೆಯನ್ನು ಅವಲಂಬಿಸಿವೆ.

ಮುಂಗಾರು ನಡುವೆ ಬಿಡುವು ಕೊಡುವುದುಂಟು. 2023ರ ಆಗಸ್ಟ್ ಭಾರತದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್ ಎನಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು.

ಹಿಂಗಾರು

ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಪಶ್ಚಿಮದ ಗಾಳಿ ತಗ್ಗಿ ಗುಡುಗು ಮಳೆ ಮರಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದಾಗ ಸುತ್ತಲಿನ ಗಾಳಿ ಒಳಸೇರಿ ಮೇಲೇರುವುದರಿಂದ ಎರಡು ಮೂರು ದಿನ ಜಿಟಿಜಿಟಿ ಮಳೆ ಹಿಡಿಯುತ್ತದೆ. ಇದು ಆವರ್ತ ಮಳೆ. ಪಠ್ಯಗಳು ಆವರ್ತ ಮಳೆಯನ್ನೂ ವಾಯುಮುಖದ ಮಳೆಯನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲವಾಗುತ್ತದೆ. ಉಷ್ಣವಲಯದ ಆವರ್ತದಲ್ಲಿ ಬಿಸಿ ಮತ್ತು ತಂಪು ವಾಯುರಾಶಿಗಳ ಗಡಿ ಇರುವುದಿಲ್ಲ; ಬೆಚ್ಚಗಿನ ಕಡಲಿನ ಆವಿ ನೀರಾಗುವಾಗ ಬಿಡುಗಡೆಯಾಗುವ ಗುಪ್ತ ಶಾಖವೇ ಅದರ ಇಂಧನ. ಕೊಯ್ಲಿಗೆ ಬಂದ ಭತ್ತ, ಕಣದಲ್ಲಿ ಒಣಗಲು ಹರಡಿದ ಮೆಕ್ಕೆಜೋಳ ಹೆಚ್ಚಾಗಿ ಹಾಳಾಗುವುದು ಈ ಮಳೆಗೆ. 2021ರ ನವೆಂಬರಿನ ಅಕಾಲಿಕ ಮಳೆಯಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳ ಬೆಳೆಗಳಿಗೆ ಹೀಗೆಯೇ ಹಾನಿಯಾಯಿತು.