ಮರದ ಬೊಡ್ಡೆಯ ಆಕಾರವೂ ನಾಟಾದ ಅಳತೆಯೂ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂತಹ ಮಲೆನಾಡಿನ ಸೀಮೆಯಲ್ಲಿ ಕಾಫಿಗೆ ನೆರಳಾಗಿಯೂ ಮೆಣಸಿನ ಬಳ್ಳಿಗೆ ಆಸರೆಯಾಗಿಯೂ ನೆಟ್ಟ ಸಿಲ್ವರ್ ಓಕ್ ಮರಗಳು ಕಡೆಗೆ ನಾಟಾಕ್ಕೆ ಮಾರಾಟವಾಗುತ್ತವೆ. ಬುಡದ ದಪ್ಪವನ್ನು ಕಣ್ಣಂದಾಜಿನಿಂದ ನೋಡಿ ತೋಪಿಗೆಲ್ಲ ಒಂದೇ ಬೆಲೆ ಒಪ್ಪುವ ಜಮೀನುದಾರರಿಗೆ ನಷ್ಟವುಂಟಾಗುವ ಸಂಭವವೇ ಹೆಚ್ಚು.

ಮರವು ಕಂಬದಂತೆ ಒಂದೇ ದಪ್ಪವುಳ್ಳದ್ದಲ್ಲ. ಬುಡದಲ್ಲಿ ಅಗಲಿಸಿಕೊಂಡು, ನಡುವೆ ನಿಧಾನವಾಗಿ ಸಣ್ಣಗಾಗಿ, ತುದಿಯಲ್ಲಿ ಶಂಕುವಿನಂತೆ ಮೊನಚಾಗುವುದು. ಬಯಲಿನಲ್ಲಿ ಒಂಟಿಯಾಗಿ ಬೆಳೆದದ್ದು ಬೇಗ ಸಣ್ಣಗಾಗುವುದು. ಒತ್ತಾಗಿ ಬೆಳೆದು ಕೆಳಗಿನ ಕೊಂಬೆಗಳನ್ನು ಸವರಿಸಿಕೊಂಡದ್ದು ಬಹುದೂರ ಒಂದೇ ಸಮನಾಗಿರುವುದು. ಆದಕಾರಣ ಬುಡದ ಸುತ್ತಳತೆಯೂ ಎತ್ತರವೂ ಸಮನಾಗಿರುವ ಎರಡು ಮರಗಳಲ್ಲಿ ನಾಟಾ ಸಮನಾಗಿರಬೇಕೆಂಬ ನಿಯಮವಿಲ್ಲ.

20 ಅಡಿ ಉದ್ದದ ಒಂದು ದಿಮ್ಮಿಯ ಸುತ್ತಳತೆಯು ಬುಡದಲ್ಲಿ 6 ಅಡಿ, ನಡುವೆ 4 ಅಡಿ, ತುದಿಯಲ್ಲಿ 3 ಅಡಿ ಇದೆಯೆಂದಿಟ್ಟುಕೊಳ್ಳೋಣ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವ ಹಾಪಸ್ ಲೆಕ್ಕದಲ್ಲಿ, ತುದಿಯ ಸುತ್ತನ್ನು ಹಿಡಿದರೆ 11¼ ಘನ ಅಡಿ, ನಡುವಿನದಕ್ಕೆ 20, ಎರಡು ಕೊನೆಗಳ ಸರಾಸರಿಗೆ 25 ಘನ ಅಡಿಗೂ ಮಿಗಿಲು. ದಿಮ್ಮಿ ಒಂದೇ, ಟೇಪೂ ಒಂದೇ! ಹತ್ತು ಹತ್ತು ಅಡಿಯ ಎರಡು ತುಂಡುಗಳಾಗಿ ಎಣಿಸಿ, ಅವುಗಳ ನಡುಸುತ್ತು 4¾ ಅಡಿ ಮತ್ತು 3½ ಅಡಿ ಬಂದರೆ, ಒಟ್ಟು ಸುಮಾರು 21¾ ಘನ ಅಡಿಯಾಗುವುದು. ತುಂಡು ಚಿಕ್ಕದಾದಷ್ಟೂ ಲೆಕ್ಕವು ಮರದ ನಿಜವಾದ ಆಕಾರಕ್ಕೆ ಸಮೀಪವಾಗುವುದು.

ಈ ಲೆಕ್ಕವು ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬಾತನು 1736ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಆ ಹೆಸರು ಪಡೆಯಿತು. ಇದರ 100 ಘನ ಅಡಿಯು ದುಂಡು ಮರದ ನಿಜವಾದ ಸುಮಾರು 127 ಘನ ಅಡಿಗೆ ಸಮ. ಕೊಯ್ಯುವಾಗ ಆಗುವ ನಷ್ಟಕ್ಕೆ ಇದು ಸ್ವಲ್ಪ ಅವಕಾಶ ಕೊಡುವುದು. ಇದು ಮೋಸವಲ್ಲ. ಆದರೆ ದರವನ್ನು ನಿಜವಾದ ಘನ ಅಡಿಗೆ ಕಟ್ಟಿ, ಅಳತೆಯನ್ನು ಹಾಪಸಿನಿಂದ ಮಾಡಿದರೆ ಐದರಲ್ಲೊಂದು ಪಾಲಿಗೂ ಮಿಗಿಲಾದ ಹಣವು ಮಾಲೀಕನಿಗೆ ತಪ್ಪುವುದು. ಯಾವ ಅಳತೆ, ತೊಗಟೆ ಸೇರಿಸಿಯೋ ಬಿಟ್ಟೋ ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಯಿಸತಕ್ಕದ್ದು.

ನಿಂತ ಮರಗಳಿಗೆ ಬೇರೆ ಉಪಾಯವುಂಟು. ಸಣ್ಣ, ಮಧ್ಯಮ, ದಪ್ಪ ಮರಗಳಲ್ಲಿ ಕೆಲವನ್ನು ಕಡಿದು, ಪ್ರತಿ ಹತ್ತು ಅಡಿಗೊಮ್ಮೆ ಸುತ್ತಳತೆ ತೆಗೆದು, ನೆಲದಿಂದ 4½ ಅಡಿ ಎತ್ತರದ ಸುತ್ತಿಗೆ ಎಷ್ಟು ನಾಟಾ ಬಂದಿತೆಂದು ಪಟ್ಟಿ ಮಾಡಿಕೊಂಡರೆ ಉಳಿದ ಮರಗಳಿಗೆ ಅದೇ ಪಟ್ಟಿ ಸಾಕು. ಈಚಿನ ಅರಣ್ಯಶಾಸ್ತ್ರಜ್ಞರು ಇಂತಹ ಅಳತೆಗಳಿಂದಲೇ ಕಾಂಡದ ಯಾವ ಎತ್ತರದಲ್ಲಿ ಎಷ್ಟು ದಪ್ಪವೆಂದು ಹೇಳುವ ಸಮೀಕರಣಗಳನ್ನು ಕಟ್ಟುತ್ತಾರೆ. ಬೇರೆ ತೋಟದ ಪಟ್ಟಿಯನ್ನು ಪರೀಕ್ಷಿಸದೆ ನಂಬುವುದು ಯುಕ್ತವಲ್ಲ. ಇಳಿಜಾರಿನಲ್ಲಿ 4½ ಅಡಿಯನ್ನು ಮೇಲುಭಾಗದ ನೆಲದಿಂದ ಎಣಿಸತಕ್ಕದ್ದು. ಮೆಣಸಿನ ಬಳ್ಳಿಯ ಮೇಲೆ ಟೇಪು ಸುತ್ತದೆ, ಬಳ್ಳಿಯನ್ನು ಮೆಲ್ಲಗೆ ಸಡಿಲಿಸಿ ಅದರ ಅಡಿಯಲ್ಲಿ ಹಾಯಿಸತಕ್ಕದ್ದು.