ಸೈಕಲ್ ರಿಪೇರಿ: ನಮ್ಮ ಕೈಲಿ ಎಷ್ಟು? ಅಂಗಡಿಗೆ ಎಷ್ಟು?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮನೆಯಲ್ಲಿ ಎರಡು ಹಸು ಇವೆ. ದಿನಾ ಬೆಳಿಗ್ಗೆ ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೇರಿಗೆ ಹೋಗುತ್ತಾರೆ. ಡೇರಿ ಇರುವುದು ಪಕ್ಕದ ಊರಲ್ಲಿ. ಮೂರು ಕಿಲೋಮೀಟರ್ ದಾರಿ.

ಒಂದು ದಿನ ಹಾಲು ಕರೆದು ಹೊರಗೆ ಬಂದರು. ನೋಡಿದರೆ ಹಿಂದಿನ ಚಕ್ರದಲ್ಲಿ ಗಾಳಿ ಇಲ್ಲ! ಮನೆಯಲ್ಲಿ ಪಂಪು ಇಲ್ಲ. ಸೈಕಲ್ ಶಾಪು ತೆಗೆಯುವುದು ಒಂಬತ್ತಕ್ಕೆ. ಡೇರಿ ಮುಚ್ಚುವುದು ಏಳೂವರೆಗೆ. ಅಕ್ಕ ಸೈಕಲ್ ತಳ್ಳಿಕೊಂಡೇ ಹೋದರು. ಅಲ್ಲಿ ಸೇರುವ ಹೊತ್ತಿಗೆ ಡೇರಿ ಬಾಗಿಲು ಹಾಕಿತ್ತು. ಅಂದಿನ ಹಾಲಿನ ದುಡ್ಡು ಹೋಯಿತು.

ಮಧ್ಯಾಹ್ನ ಯಜಮಾನರು ಸೈಕಲ್ಲನ್ನು ಶಾಪಿಗೆ ಬಿಟ್ಟು ಬಂದರು. ಸಂಜೆ ಹೋದಾಗ ಶಾಪಿನವರು, "ಟ್ಯೂಬು ಹೋಗಿತ್ತು. ಹೊಸದು ಹಾಕಿದ್ದೀವಿ" ಅಂದರು. ಯಜಮಾನರು ಟ್ಯೂಬಿನ ದುಡ್ಡು, ಕೂಲಿ ಎರಡೂ ಕೊಟ್ಟರು. ಹಳೇ ಟ್ಯೂಬನ್ನು ಮನೆಗೆ ತಂದರು.

ಅಕ್ಕ ಆ ಹಳೇ ಟ್ಯೂಬನ್ನು ಕೇಂದ್ರಕ್ಕೆ ತಂದು ತೋರಿಸಿದರು. ನಾವು ಅದರ ವಾಲ್ವ್ ಬಿಚ್ಚಿ ನೋಡಿದೆವು. ವಾಲ್ವಿನ ಕಡ್ಡಿಯ ಮೇಲೆ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ. ಅದಕ್ಕೆ ವಾಲ್‌ಟ್ಯೂಬು ಅನ್ನುತ್ತಾರೆ. ಅದು ಹರಿದಿತ್ತು. ಹೊಸ ತುಂಡು ಹಾಕಿ ಗಾಳಿ ಹೊಡೆದೆವು. ಬಕೆಟ್ ನೀರಿನಲ್ಲಿ ಮುಳುಗಿಸಿದೆವು. ಒಂದು ಗುಳ್ಳೆಯೂ ಬರಲಿಲ್ಲ. ಟ್ಯೂಬು ಚೆನ್ನಾಗಿಯೇ ಇತ್ತು!

ಶಾಪಿನವರು ಮೋಸ ಮಾಡಿದರೇ? ಅವಸರದಲ್ಲಿ ಸರಿಯಾಗಿ ನೋಡಲಿಲ್ಲವೇ? ನಮಗೆ ಗೊತ್ತಿಲ್ಲ. ಆದರೆ ಒಂದು ಮಾತು ತಿಳಿಯಿತು. ಸೈಕಲ್ ಹೊಡೆಯಲು ಬಂದರೆ ಸಾಲದು. ಅದರ ಕಾಯಿಲೆಯೂ ನಮಗೆ ಗೊತ್ತಿರಬೇಕು.

ಅಕ್ಷರದ ಜೊತೆ ಸೈಕಲ್ಲು

ತಮಿಳುನಾಡಿನಲ್ಲಿ ಪುದುಕೋಟ್ಟೈ ಎಂಬ ಜಿಲ್ಲೆ ಇದೆ. 1990ರ ದಶಕದ ಮೊದಲಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅದರ ಹೆಸರು 'ಅರಿವೊಳಿ'. ಅಂದರೆ ಅರಿವಿನ ಬೆಳಕು. ಆಗ ಶೀಲಾ ರಾಣಿ ಚುಂಕತ್ ಅಲ್ಲಿನ ಜಿಲ್ಲಾಧಿಕಾರಿ. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಸೈಕಲ್ ಕೊಳ್ಳಲು ಬ್ಯಾಂಕಿನಿಂದ ಸಾಲ ಕೊಡಿಸಿದರು. ಸಾವಿರಾರು ಹೆಂಗಸರು ಸೈಕಲ್ ಕಲಿತರು. ಮೊದಮೊದಲು ಜನ ಆಡಿಕೊಂಡರು. ಹೆಂಗಸರು ಹೆದರಲಿಲ್ಲ. ಬಸ್ಸಿಗೆ ಕಾಯುವುದು ತಪ್ಪಿತು.

ನಮ್ಮ ಕರ್ನಾಟಕದಲ್ಲೂ 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹೀಗೆ ಎಷ್ಟೋ ಮನೆಗೆ ಸೈಕಲ್ ಬಂತು. ಆದರೆ ಎಷ್ಟೋ ಸೈಕಲ್ಲು ಸಣ್ಣ ರಿಪೇರಿಯಾಗದೆ ಗೋಡೆಗೆ ಒರಗಿ ನಿಂತಿವೆ. ಅದಕ್ಕೇ ಈ ಪಾಠ.

ನಾವೇ ಮಾಡುವ ಕೆಲಸ

1. ಗಾಳಿ: ವಾರಕ್ಕೊಮ್ಮೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಗಾಳಿ ಹೊಡೆಯಿರಿ. ಗಾಳಿ ಇಲ್ಲದ ಸೈಕಲ್ ಮೇಲೆ ಕೂರಬೇಡಿ. ರಿಮ್ಮಿನ ಕೆಳಗೆ ಸಿಕ್ಕಿ ಟ್ಯೂಬು ಕತ್ತರಿಸಿ ಹೋಗುತ್ತೆ.

2. ವಾಲ್‌ಟ್ಯೂಬು: ಗಾಳಿ ಹೋಯಿತು ಅಂದರೆ ಎಲ್ಲವೂ ಪಂಕ್ಚರ್ ಅಲ್ಲ. ಮೊದಲು ವಾಲ್ವ್ ನೋಡಿ. ಗಾಳಿ ಹೊಡೆದು, ವಾಲ್ವಿನ ಬಾಯಿಗೆ ಒಂದು ಹನಿ ನೀರು ಹಚ್ಚಿ. ಗುಳ್ಳೆ ಬಂದರೆ ವಾಲ್‌ಟ್ಯೂಬು ಹೋಗಿದೆ. ಮೇಲಿನ ನಟ್ಟು ಬಿಚ್ಚಿ. ಒಳಗಿನ ಕಡ್ಡಿ ಎಳೆಯಿರಿ. ಹಳೇ ರಬ್ಬರ್ ತೆಗೆದು ಹೊಸದು ತೊಡಿಸಿ. ನೀರು ಹಚ್ಚಿದರೆ ಸಲೀಸಾಗಿ ಜಾರುತ್ತೆ. ಇದು ಐದು ನಿಮಿಷದ ಕೆಲಸ. ಕೆಲವು ಸೈಕಲ್ಲಿಗೆ ಸ್ಕೂಟರಿನಂಥ ವಾಲ್ವ್ ಇರುತ್ತದೆ. ಅದರಲ್ಲಿ ಈ ರಬ್ಬರ್ ಇರುವುದಿಲ್ಲ.

3. ಪಂಕ್ಚರ್: ನಮ್ಮ ಕಡೆ ಜಾಲಿ ಮುಳ್ಳು ಜಾಸ್ತಿ. ಪಂಕ್ಚರ್ ಆಗುವುದು ತಪ್ಪಿದ್ದಲ್ಲ. ಇದಕ್ಕೆ ಚಕ್ರ ಬಿಚ್ಚಬೇಕಾಗಿಲ್ಲ. ಟೈರಿನ ಒಂದು ಪಕ್ಕ ಬಿಡಿಸಿದರೆ ಸಾಕು. ಟೈರ್ ಲಿವರ್ ಇಲ್ಲದಿದ್ದರೆ ಗಟ್ಟಿ ಚಮಚದ ಹಿಡಿ ಆಗುತ್ತೆ. ಸ್ಕ್ರೂ ಡ್ರೈವರ್ ಹಾಕಬೇಡಿ. ಅದರ ಚೂಪು ಟ್ಯೂಬಿಗೆ ಇನ್ನೊಂದು ತೂತು ಮಾಡುತ್ತೆ.

ಟ್ಯೂಬನ್ನು ಹೊರಗೆ ಎಳೆದು ಸ್ವಲ್ಪ ಗಾಳಿ ತುಂಬಿ. ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಳುಗಿಸಿ. ಗುಳ್ಳೆ ಬಂದ ಕಡೆ ತೂತು ಇದೆ. ಗುರುತು ಮಾಡಿ. ಗಾಳಿ ಬಿಟ್ಟು ಬಟ್ಟೆಯಿಂದ ಒರೆಸಿ. ತೇವ ಪೂರ್ತಿ ಹೋಗಬೇಕು. ಉಪ್ಪು ಕಾಗದದಿಂದ ಉಜ್ಜಿ. ತೆಳ್ಳಗೆ ಸೊಲ್ಯೂಷನ್ ಹಚ್ಚಿ. ಈಗ ಅವಸರ ಬೇಡ! ಸೊಲ್ಯೂಷನ್ ಆರಬೇಕು. ಮುಟ್ಟಿದರೆ ಕೈಗೆ ಹಸಿ ಹತ್ತಬಾರದು. ಆಮೇಲೆ ಪ್ಯಾಚು ಇಟ್ಟು ಗಟ್ಟಿಯಾಗಿ ಒತ್ತಿ. ಹಸಿ ಇರುವಾಗ ಹಚ್ಚಿದ ಪ್ಯಾಚು ನಿಲ್ಲುವುದಿಲ್ಲ.

ಇನ್ನೊಂದು ಮುಖ್ಯ ಕೆಲಸ ಇದೆ. ಮುಳ್ಳು ಟೈರಿನಲ್ಲೇ ಉಳಿದಿರಬಹುದು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಟೈರಿನ ಒಳಗೆ ಸುತ್ತಲೂ ಸವರಿ ನೋಡಿ. ಮುಳ್ಳು ಕೀಳದೆ ಟ್ಯೂಬು ಹಾಕಿದರೆ ನಾಳೆ ಮತ್ತೆ ಪಂಕ್ಚರ್.

4. ಚೈನು: ಚೈನಿನ ಧೂಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆ ಬಿಡಿ. ಹೆಚ್ಚಾದದ್ದನ್ನು ಒರೆಸಿಬಿಡಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡ. ಅದು ಅಂಟಾಗಿ ಧೂಳು ಹಿಡಿಯುತ್ತೆ. ಈ ಕೆಲಸ ಮಾಡುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ. ಬೆರಳು ಚೈನಿಗೆ ಸಿಗದಂತೆ ಎಚ್ಚರ.

5. ಬ್ರೇಕು: ಹತ್ತುವ ಮುಂಚೆ ಎರಡೂ ಬ್ರೇಕು ಹಿಡಿದು ನೋಡಿ. ಬ್ರೇಕ್ ರಬ್ಬರ್ ರಿಮ್ಮಿಗೆ ತಾಗಬೇಕು. ಟೈರಿಗೆ ತಾಗಬಾರದು. ರಬ್ಬರ್ ಸವೆದು ಕಬ್ಬಿಣ ಕಾಣುವವರೆಗೆ ಬಿಡಬೇಡಿ. ರಿಮ್ಮಿಗೆ ಎಣ್ಣೆ ಬಿದ್ದರೆ ಬ್ರೇಕು ಹಿಡಿಯುವುದಿಲ್ಲ. ಬ್ರೇಕು ಸರಿಯಿಲ್ಲದಿದ್ದರೆ ತಳ್ಳಿಕೊಂಡು ಹೋಗಿ, ಹತ್ತಬೇಡಿ.

ಅಂಗಡಿಗೆ ಒಯ್ಯುವ ಕೆಲಸ

ಎಲ್ಲವನ್ನೂ ನಾವೇ ಮಾಡುತ್ತೇವೆ ಅನ್ನುವುದೂ ತಪ್ಪು. ಕೆಲವು ಕೆಲಸಕ್ಕೆ ಪಳಗಿದ ಕೈ ಬೇಕು.

ಚಕ್ರ ಸೊಟ್ಟಗೆ ತಿರುಗುತ್ತಿದೆಯೇ? ಅದನ್ನು ಶಾಪಿಗೆ ಒಯ್ಯಿರಿ. ನಮ್ಮ ಸಾದಾ ದೊಡ್ಡ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ. ಒಂದು ಕಡ್ಡಿ ಬಿಗಿ ಮಾಡಿದರೆ ರಿಮ್ಮು ಆ ಕಡೆ ವಾಲುತ್ತೆ. ಎಲ್ಲವನ್ನೂ ಸಮ ಮಾಡುವುದು ಕಲಿತವರ ಕೆಲಸ. ನಾವು ಎಳೆದಾಡಿದರೆ ಇನ್ನೂ ಕೆಡುತ್ತೆ.

ಚಕ್ರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆಯೇ? ತಿರುಗಿಸಿದರೆ ಕರಕರ ಅನ್ನುತ್ತದೆಯೇ? ಒಳಗಿನ ಬಾಲ್ಸು ಸವೆದಿರಬಹುದು. ಪೆಡಲಿನ ಕೈ ಸಡಿಲವಾದರೂ ಶಾಪಿಗೇ ಒಯ್ಯಿರಿ. ಮುಂದಿನ ಫೋರ್ಕು ಬಗ್ಗಿದರೆ, ಕಬ್ಬಿಣ ಬಿರುಕು ಬಿಟ್ಟರೆ ಆ ಸೈಕಲ್ ಹತ್ತಲೇಬೇಡಿ. ಓಡುವಾಗ ಮುರಿದರೆ ಜೀವಕ್ಕೇ ಅಪಾಯ.

ಅಂಗಡಿಯಲ್ಲಿ ಏನು ಕೇಳಬೇಕು?

ಶಾಪಿನವರು ನಮ್ಮ ಶತ್ರುಗಳಲ್ಲ. ಬಿಸಿಲಲ್ಲಿ ಕೂತು ದುಡಿಯುವವರು. ಅವರ ಕೂಲಿ ಅವರಿಗೆ ಕೊಡಬೇಕು. ಆದರೆ ಏನಾಗಿದೆ ಎಂದು ಕೇಳದೆ ದುಡ್ಡು ಕೊಡುವುದು, ಓದದೆ ಹೆಬ್ಬೆಟ್ಟು ಒತ್ತಿದ ಹಾಗೆ. ಆದ್ದರಿಂದ ಮೂರು ಮಾತು ಕೇಳಿ.

"ಅಣ್ಣಾ, ಯಾವುದು ಹೋಗಿದೆ? ತೋರಿಸಿ."

"ಎಷ್ಟಾಗುತ್ತೆ? ಮೊದಲೇ ಹೇಳಿ."

"ಬಿಚ್ಚಿದ ಹಳೇ ಸಾಮಾನು ನನಗೆ ಕೊಡಿ."

ಆಗಲಿ ಅಂದರೆ ಪಕ್ಕದಲ್ಲೇ ನಿಂತು ನೋಡಿ. ನೋಡುತ್ತಾ ನೋಡುತ್ತಾ ನಾವೂ ಕಲಿಯುತ್ತೇವೆ. ಪ್ರಾಮಾಣಿಕರು ಈ ಮಾತಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ನಮಗೆ ಬರೆಯಲು ಬರುತ್ತದೆ. ಒಂದು ಪುಸ್ತಕದಲ್ಲಿ ಬರೆದಿಡಿ: ತಾರೀಕು, ಮಾಡಿದ ಕೆಲಸ, ಕೊಟ್ಟ ದುಡ್ಡು. ಹೋದ ತಿಂಗಳು ಹಾಕಿಸಿದ ಬ್ರೇಕ್ ರಬ್ಬರನ್ನು ಈ ತಿಂಗಳೂ ಹಾಕಬೇಕು ಅಂದರೆ, ಪುಸ್ತಕ ತೆಗೆದು ತೋರಿಸಿ.

ಬೇಕಾದ ಸಾಮಾನು

ಪಂಪು, ಎರಡು ಟೈರ್ ಲಿವರ್, ಒಂದು ಸ್ಪ್ಯಾನರ್, ಉಪ್ಪು ಕಾಗದ, ಸೊಲ್ಯೂಷನ್, ಪ್ಯಾಚು, ವಾಲ್‌ಟ್ಯೂಬು. ಒಬ್ಬೊಬ್ಬರೇ ಕೊಳ್ಳಬೇಕಾಗಿಲ್ಲ. ಸಂಘದವರು ಸೇರಿ ಒಂದು ಜೊತೆ ಕೊಂಡರೆ ಸಾಕು. ಅದನ್ನು ಓಣಿಯ ಒಂದು ಮನೆಯಲ್ಲಿ ಇಡಿ. ರಾತ್ರಿಯಾದರೂ, ಬೆಳಗಿನ ಜಾವವಾದರೂ ಕೈಗೆ ಸಿಗಬೇಕು.

ಮೊದಲ ಸಲ ಪಂಕ್ಚರ್ ಹಾಕಲು ನಮಗೆ ಎರಡು ಗಂಟೆ ಹಿಡಿಯಿತು. ಕೈಯೆಲ್ಲ ಮಸಿ. ಓಣಿಯ ಹುಡುಗರು ನಕ್ಕರು. ನಗಲಿ ಬಿಡಿ. ಕೈ ಕೆಸರಾದರೆ ಬಾಯಿ ಮೊಸರು.

ಆ ಹಾಲಿನ ಅಕ್ಕ ಈಗ ಒಂದು ತುಂಡು ವಾಲ್‌ಟ್ಯೂಬನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಹೊರಡುತ್ತಾರೆ. ಸಂಘದ ಪಂಪು ಸೈಕಲ್ಲಿನಲ್ಲೇ ಇರುತ್ತದೆ. ಮೊನ್ನೆ ದಾರಿಯಲ್ಲಿ ಮತ್ತೆ ಗಾಳಿ ಹೋಯಿತಂತೆ. ಕ್ಯಾನು ಇಳಿಸಿ, ರಬ್ಬರ್ ಬದಲಿಸಿ, ಗಾಳಿ ಹೊಡೆದರಂತೆ.

"ಡೇರಿಗೆ ಹೊತ್ತಿಗೆ ಸರಿಯಾಗಿ ಹೋದಿರಾ ಅಕ್ಕಾ?" ಎಂದು ನಾವು ಕೇಳಿದೆವು.

"ಇನ್ನೂ ಹತ್ತು ನಿಮಿಷ ಇತ್ತು" ಅಂದರು.