ನೆಟ್ ಇರಲಿ, ನಂಟೂ ಇರಲಿ

ಮನೆಯಲ್ಲಿ ವೈ-ಫೈ ಒಂದು ಗಂಟೆ ಕೈಕೊಟ್ಟರೆ ಸಾಕು, ಯಾರಿಗೂ ಕೈಕಾಲೇ ಆಡೋದಿಲ್ಲ ಅಲ್ವಾ? ಮಗನ ಪ್ರಾಜೆಕ್ಟು, ಯಜಮಾನರ ಆಫೀಸು, ನಮ್ಮ ಅಡುಗೆ ವಿಡಿಯೊ ಎಲ್ಲಾ ಬಂದ್! ಆದರೆ ನಮ್ಮ ಮನೆ ಪಾತ್ರೆ ತೊಳೆಯೋಳ ಮಗಳ ಕಥೆ? 2020ರ ಲಾಕ್‌ಡೌನ್‌ನಲ್ಲಿ ಶಾಲೆ ಆನ್‌ಲೈನ್ ಆದಾಗ ಅವರ ಮನೆಯಲ್ಲಿ ಇದ್ದಿದ್ದು ಒಂದೇ ಮೊಬೈಲು, ಅದೂ ಅಪ್ಪನ ಜೇಬಲ್ಲಿ. ಅಂಥ ಎಷ್ಟೋ ಮಕ್ಕಳು ಪಾಠದಿಂದ ದೂರ ಉಳಿದರು. ಇದಕ್ಕೇ ‘ಡಿಜಿಟಲ್ ಕಂದಕ’ ಅನ್ನೋದು.

‘ಅದಕ್ಕೆ ನಾವೇನು ಮಾಡೋಕಾಗುತ್ತೆ?’ ಅಂತೀರಾ? ಇಂಗ್ಲೆಂಡಿನ ಲ್ಯಾಂಕಾಶೈರ್‌ನ ರೈತ ಮಹಿಳೆ ಕ್ರಿಸ್ ಕಾಂಡರ್ ಹಾಗಂದುಕೊಳ್ಳಲಿಲ್ಲ. ಪಕ್ಕದ ತೋಟದ ಮನೆಗೆ ಬರುತ್ತಿದ್ದ ವೈರ್‌ಲೆಸ್ ಸಿಗ್ನಲ್‌ಗೆ ಮರಗಳು ಬೆಳೆದು ಅಡ್ಡ ಬಂದವು. ಆಕೆ ಒಂದು ಕಿಲೋಮೀಟರ್ ಫೈಬರ್ ಕೇಬಲ್ ಕೊಂಡು, ತಮ್ಮ ಟ್ರ್ಯಾಕ್ಟರ್‌ನಲ್ಲೇ ನೆಲ ಅಗೆಸಿ ಹೂತರು. ನೆರೆಮನೆಗೆ ನೆಟ್ ಬಂತು!

ಮುಂದೆ 2011ರಲ್ಲಿ ಸುತ್ತಲ ಹಳ್ಳಿಯವರು ಸೇರಿ ‘ಬಾರ್ನ್’ ಎಂಬ ಸಂಸ್ಥೆ ಕಟ್ಟಿದರು. ಹೆಚ್ಚುಕಮ್ಮಿ ನಮ್ಮ ಹಾಲಿನ ಸೊಸೈಟಿ ಥರ. ಹಣವಿದ್ದವರು ಷೇರು ಕೊಂಡರು. ಗುದ್ದಲಿ ಹಿಡಿದವರಿಗೆ ಕೂಲಿಯ ಬದಲು ಷೇರು. ಜಮೀನಿನವರು ಕೇಬಲ್‌ಗೆ ಪುಕ್ಕಟೆ ಜಾಗ ಬಿಟ್ಟರು. ದೊಡ್ಡ ಕಂಪೆನಿಗಳು ತಿರುಗಿ ನೋಡದ ಹಳ್ಳಿಗಳಿಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗದ ಇಂಟರ್‌ನೆಟ್ ಬಂತು.

ನಾವು ಗುದ್ದಲಿ ಹಿಡಿಯಬೇಕಿಲ್ಲ. ಇಷ್ಟು ಮಾಡಿದರೆ ಸಾಕು:

* ಅಪಾರ್ಟ್‌ಮೆಂಟ್ ಸಂಘದ ಮೀಟಿಂಗ್‌ನಲ್ಲಿ ವಿಷಯ ಎತ್ತಿ. ಕೆಲಸದವರ, ಸೆಕ್ಯುರಿಟಿಯವರ ಮಕ್ಕಳಿಗೆ ಸಂಜೆ ಎರಡು ಗಂಟೆ ಕಮ್ಯುನಿಟಿ ಹಾಲ್‌ನಲ್ಲಿ ವೈ-ಫೈ ಜೊತೆ ಕೂತು ಓದೋಕೆ ಜಾಗ ಕೊಡಬಹುದು. ಖರ್ಚು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಕನೆಕ್ಷನ್ ಕೊಟ್ಟವರ ನಿಯಮ ಮೊದಲೇ ಕೇಳಿಕೊಳ್ಳಿ.

* ಮನೆಯ ಪಾಸ್‌ವರ್ಡ್ ಊರಿಗೆಲ್ಲ ಹಂಚಬೇಡಿ. ಈಗಿನ ಬಹುತೇಕ ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇರುತ್ತೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಡಿ. ನಿಮ್ಮ ಫೋನು, ಕಂಪ್ಯೂಟರ್‌ಗೂ ಕ್ಷೇಮ.

* ಬೀದಿ ತುದಿಯ ಕಿರಾಣಿ ಅಂಗಡಿಯವರಿಗೆ ‘ಪಿಎಂ-ವಾಣಿ’ ಬಗ್ಗೆ ಹೇಳಿ. ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಈ ಯೋಜನೆಯಲ್ಲಿ ಅಂಗಡಿಯವರು ಲೈಸೆನ್ಸ್ ಇಲ್ಲದೆಯೇ ಸಾರ್ವಜನಿಕ ವೈ-ಫೈ ಕೊಡಬಹುದು.

* ಡ್ರಾಯರ್‌ನಲ್ಲಿ ಸುಮ್ಮನೆ ಬಿದ್ದಿರೋ ಹಳೇ ಮೊಬೈಲ್ ಇದೆಯಾ? ನಿಮ್ಮ ಫೋಟೊ, ಬ್ಯಾಂಕ್ ವಿವರ ಎಲ್ಲ ಅಳಿಸಿ, ರೀಸೆಟ್ ಮಾಡಿ ಕೊಡಿ.

* ಕೊಟ್ಟರಷ್ಟೇ ಸಾಲದು, ಕಲಿಸಿ. ಸ್ಕಾಲರ್‌ಶಿಪ್ ಅರ್ಜಿ ತುಂಬೋದು ಹೇಗೆ, ಓಟಿಪಿ ಯಾಕೆ ಯಾರಿಗೂ ಹೇಳಬಾರದು ಅನ್ನೋದನ್ನ ಪಕ್ಕದಲ್ಲಿ ಕೂತು ತೋರಿಸಿ. ಪ್ರತಿಯೊಂದಕ್ಕೂ ‘ಮಗನೇ, ಇದು ನೋಡೋ’ ಅನ್ನೋ ನಮ್ಮಂಥವರೂ ಜೊತೆಗೇ ಕಲಿತುಬಿಡೋಣ!

ಮರ ಅಡ್ಡ ಬಂತು ಅಂತ ಆಕೆ ಕೈಕಟ್ಟಿ ಕೂರಲಿಲ್ಲ. ನಮಗಂತೂ ಅಡ್ಡ ಇರೋದು ಒಂದು ಬಾಗಿಲು ಮಾತ್ರ. ತೆರೆಯೋಣ, ಏನಂತೀರಿ?